ಎಂಜಿನ್ ಕೆಡುವ ಜಾಗ

ಹೆತ್ತವರು ಇಟ್ಟ ಹೆಸರು ಸರ್ಕಾರಿ ಕಾಗದದಲ್ಲಿ ಇರುತ್ತದೆ, ಇರಲಿ. ಬಂದರಿನಲ್ಲಿ ಚಲಾವಣೆಯಾಗುವುದು ಬಂದರಿನವರು ಇಟ್ಟ ಹೆಸರೇ. ಕಿರಿಮಗಳ ಅಪ್ಪನಿಗೆ ಅಲ್ಲಿ ಬಿದ್ದಿದ್ದ ಹೆಸರು ‘ಕೆಟ್ಟೆಂಜಿನ್’. ಹಾಗೆ ಕೂಗಿದರೆ ಆತ ಸಿಡುಕುತ್ತಿರಲಿಲ್ಲ, ಓ ಎನ್ನುತ್ತಿದ್ದ. ಸಿಡುಕಲು ಮುಖವೂ ಇರಲಿಲ್ಲ ಬಿಡಿ, ಆತನ ದೋಣಿಯ ಎಂಜಿನ್ ನಡುನೀರಿನಲ್ಲಿ ನಿಂತಷ್ಟು ಸಲ ಬಂದರಿನ ಬೇರೆ ಯಾವ ಎಂಜಿನ್ನೂ ನಿಂತಿರಲಿಲ್ಲ. ಆದರೆ ಮನುಷ್ಯನ ಅದೃಷ್ಟ ನೋಡಿ, ಎಂಜಿನ್ ಕೆಟ್ಟ ದಿನವೇ ಆ ದೋಣಿಗೆ ಭರ್ಜರಿ ಮೀನು. ಬಲೆಗೆ ಬಿದ್ದ ಸಣ್ಣಪುಟ್ಟದ್ದರ ಮೇಲೆ ದಪ್ಪದಪ್ಪ ಕೆಂಪು ಮೀನುಗಳು ಹಾಯಾಗಿ ಮಲಗಿ ಬರುತ್ತಿದ್ದವು. “ಎಂಜಿನ್ ನಿಂತಿತ್ತು. ಸುಮ್ನೆ ಕೂರೋ ಬದಲು ಒಂದು ಗಾಳ ಬಿಟ್ಟೆ, ಕಚ್ಕೊಂಡ್ವು,” ಎನ್ನುತ್ತಿದ್ದ ಅಪ್ಪ. “ನಮ್ಮ ಎಂಜಿನ್ನೂ ಯಾವಾಗಪ್ಪಾ ಕೆಡೋದು” ಎಂದು ಉಳಿದವರು ಹೊಟ್ಟೆಕಿಚ್ಚಿನಿಂದ ನಗುತ್ತಿದ್ದರು.

ದೋಣಿಯಲ್ಲಿ ಇದ್ದವರು ಮೂವರು. ಚುಕ್ಕಾಣಿ ಅಪ್ಪನದು. ಬಲೆ ಎಳೆಯುವುದು, ಗಾಳ ಕಟ್ಟುವುದು, ದೋಣಿಯೊಳಗಿನ ನೀರು ಮೊಗೆದು ಹಾಕುವುದು, ಜೊತೆಗೆ ಬೈಸಿಕೊಳ್ಳುವುದು, ಇಷ್ಟೂ ಕಿರಿಮಗಳದು. ಎಂಜಿನ್ ಭಾವನ ಪಾಲು. ಭಾವ ಅಂದರೆ ಅವಳ ಅಕ್ಕನ ಗಂಡ. ಮನಸ್ಸು ಬೆಣ್ಣೆ, ಬಾಯಿ ಮಾತ್ರ ಬಾಗಿಲೇ ಇಲ್ಲದ ಮನೆ, ಒಳಗೆ ಹೋದದ್ದು ಸಂಜೆಯೊಳಗೆ ಹೊರಗೆ ಬಂದಿರುತ್ತಿತ್ತು. ಎಂಜಿನ್ ನಿಂತ ಕೂಡಲೇ ಸ್ಪ್ಯಾನರ್ ಹಿಡಿದು, ಮುಚ್ಚಳ ತೆಗೆದು, ತಲೆಯನ್ನು ಒಳಗೆ ತೂರಿಸಿದನೆಂದರೆ ಆಮೇಲೆ ಪಕ್ಕದಲ್ಲಿ ಹಡಗು ಹೋದರೂ ಎತ್ತಿ ನೋಡುವವನಲ್ಲ. ಪ್ಲಗ್ ಬಿಚ್ಚುತ್ತಿದ್ದ, ಒರೆಸುತ್ತಿದ್ದ, ಊದುತ್ತಿದ್ದ, ಮತ್ತೆ ಹಾಕುತ್ತಿದ್ದ. ಅಷ್ಟರಲ್ಲಿ ಅಪ್ಪನ ಗಾಳಕ್ಕೆ ಸಾಕಷ್ಟು ಸಿಕ್ಕಿರುತ್ತಿತ್ತು. ಹಗ್ಗ ಎಳೆದರೆ ಎಂಜಿನ್ ಗುರ್ ಎಂದು ಹೊರಡುತ್ತಿತ್ತು.

“ನೋಡಿದ್ರಾ ಮಾವ, ನಾನು ಹೇಳಿರಲಿಲ್ವಾ? ಪ್ಲಗ್ಗೇ.”

“ನೀವಿಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತೋ ಅಳಿಯಂದ್ರೇ,” ಎನ್ನುತ್ತಿದ್ದ ಅಪ್ಪ.

ಭಾವನ ತಲೆ ತಿನ್ನುತ್ತಿದ್ದದ್ದು ಒಂದೇ ವಿಷಯ. ಕ್ಯಾನಿನಿಂದ ಎಂಜಿನ್ನಿಗೆ ಹೋಗುವ ಪೆಟ್ರೋಲ್ ಪೈಪು ಯಾವಾಗಲೂ ಒಂದೇ ಕಡೆ ಚಪ್ಪಟೆಯಾಗುತ್ತಿತ್ತು. ಹೊಸದು ಹಾಕಿದರೆ ಅದೂ ಅಲ್ಲೇ ಚಪ್ಪಟೆ. “ಈಗಿನ ಮಾಲೇ ಸರಿ ಇಲ್ಲ” ಎಂದು ಅಂಗಡಿಯವನಿಗೆ ಶಾಪ ಹಾಕಿ ಸಮಾಧಾನ ಮಾಡಿಕೊಂಡಿದ್ದ.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿರುವಾಗ ಅಪ್ಪನ ಕಣ್ಣಿಗೆ ಪೊರೆ ಬಂತು. ಹತ್ತಿರದ್ದು ಹೇಗೋ ಕಾಣುತ್ತಿತ್ತು, ದೂರದ್ದೆಲ್ಲ ಹಾಲಿನಲ್ಲಿ ಮುಳುಗಿದಂತೆ. ಡಾಕ್ಟರು ನೋಡಿ, ಆಪರೇಷನ್ ಮಾಡೋಣ, ಆದರೆ ಮಾಡಿದ ಮೇಲೂ ದಿನವಿಡೀ ಆ ಬಿಸಿಲು, ಆ ಉಪ್ಪುನೀರು ಬೇಡ, ಚುಕ್ಕಾಣಿ ಇನ್ನು ಯಾರಿಗಾದರೂ ಬಿಟ್ಟುಕೊಡಿ ಎಂದರು. ಮನೆಗೆ ಬಂದು ಅಪ್ಪ ಒಂದು ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ದೂರದ್ದು ಕಾಣದಿದ್ದರೆ ಅಂಥದ್ದೇನು ಎಂದು ನೆಲದ ಮೇಲಿರುವವರು ಕೇಳಬಹುದು. ಕಡಲಿನಲ್ಲಿ ಬೀದಿ ಇಲ್ಲ, ಮೂಲೆಯಂಗಡಿ ಇಲ್ಲ. ನೀರಿನಡಿಯ ಕಲ್ಲು ಎಲ್ಲಿದೆ ಎಂದು ತಿಳಿಯಬೇಕಾದರೆ ದಡದ ಕಡೆ ತಿರುಗಿ ನೋಡಬೇಕು. ನೀರಿನ ಟ್ಯಾಂಕು ಐಸ್ ಫ್ಯಾಕ್ಟರಿಯ ಹೊಗೆಗೊಳವೆಯ ಹಿಂದೆ ಅಡಗಿದರೆ ಒಂದು ಗೆರೆ. ಇನ್ನೆಲ್ಲೋ ಒಂದು ಮರ ಒಂದು ಕಟ್ಟಡದ ಮೂಲೆಗೆ ತಾಗಿದರೆ ಇನ್ನೊಂದು ಗೆರೆ. ಎರಡು ಗೆರೆ ಕೂಡಿದ ಜಾಗದಲ್ಲಿ ಕಲ್ಲು, ಕಲ್ಲಿನ ಸುತ್ತ ಮೀನು. ಆ ಬಂದರಿನ ಪ್ರತಿ ಹಳೆಯ ಮನೆತನಕ್ಕೂ ಅಂಥ ಒಂದೆರಡು ಕಲ್ಲಿದ್ದವು. ಹೆಂಡತಿಗೂ ಹೇಳದೆ ಬಚ್ಚಿಟ್ಟುಕೊಂಡು, ಮುಂದೆ ಚುಕ್ಕಾಣಿ ಹಿಡಿಯುವವರಿಗೆ ಮಾತ್ರ ಕೊಡುತ್ತಿದ್ದರು.

ಎಂಟನೆಯ ದಿನ ಅಪ್ಪ ಅವಳನ್ನು ಬಲೆ ಇಡುವ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದ.

“ಚುಕ್ಕಾಣಿ ನಿಂಗೇ ಕೊಡ್ಬೇಕು ಅಂತಿದೀನಿ,” ಎಂದ. “ಅದಕ್ಕೂ ಮೊದ್ಲು ಕಲ್ಲು ಕೊಡ್ತೀನಿ. ಹೊಟ್ಟೇಲಿ ಇಟ್ಕೋ. ಆಚೆ ಬಂತೋ, ಚುಕ್ಕಾಣಿ ಮರ್ತುಬಿಡು. ನಿಮ್ಮ ಚಿಕ್ಕಪ್ಪನ್ನ ಕರೆಸ್ತೀನಿ, ಕಲ್ಲೂ ಅವನ ಮನೆಗೆ ಹೋಗುತ್ತೆ.”

ಚುಕ್ಕಾಣಿ ಅವಳಿಗೆ ಬೇಕಿತ್ತು. ಚಿಕ್ಕವಳಿದ್ದಾಗಿನಿಂದ ಬೇಕಿತ್ತು, ಯಾರ ಹತ್ತಿರವೂ ಬಾಯಿಬಿಟ್ಟು ಕೇಳಿರಲಿಲ್ಲ ಅಷ್ಟೆ. ಅಪ್ಪ ಎರಡು ಗೆರೆ ಹೇಳಿದ. ಅವಳು ಎರಡು ಸಲ ಒಪ್ಪಿಸಿದಳು. ಅಪ್ಪ ತಲೆದೂಗಿದ.

ಇನ್ನು ಅವಳ ಫೋನಿನ ಮಾತು. ಬಂದರಿನಲ್ಲಿ ಅವಳನ್ನು ಎಲ್ಲರೂ ‘ಚಾರ್ಜರ್’ ಎಂದೇ ಕರೆಯುತ್ತಿದ್ದದ್ದು, ಚಾರ್ಜು ಮಾಡುವ ವಯರು ಸದಾ ಕೊರಳಲ್ಲಿ ಸರದ ಹಾಗೆ ನೇತಾಡುತ್ತಿದ್ದುದರಿಂದ. ಹಿಂದೊಮ್ಮೆ ಮಂಜಿನಲ್ಲಿ ದೋಣಿಯೊಂದು ದಿಕ್ಕು ತಪ್ಪಿದ ಮೇಲೆ ಮೀನುಗಾರರ ಸಂಘ ದೋಣಿಗೊಂದು ಫೋನಿನಲ್ಲಿ ಒಂದು ಆ್ಯಪ್ ಹಾಕಿಸಿತ್ತು. ದೋಣಿ ಎಲ್ಲೆಲ್ಲಿ ಹೋಯಿತೆಂದು ಅದು ಗೆರೆ ಎಳೆದು ಇಟ್ಟುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ದೋಣಿ ಅಲುಗದೆ ನಿಂತರೆ ಫೋನು ಗುಂಯ್‌ಗುಟ್ಟಿ, ‘ದೋಣಿ ನಿಂತಿದೆ, ಸಹಾಯ ಬೇಕೇ?’ ಎಂದು ಕೇಳುತ್ತಿತ್ತು. ಕೆಂಪು ಒತ್ತಿದರೆ ಬೇಕು, ಹಸಿರು ಒತ್ತಿದರೆ ಬೇಡ. ಏನೂ ಒತ್ತದಿದ್ದರೆ ಬೇಕೆಂದೇ ತಿಳಿದು ಸುತ್ತಲಿನ ದೋಣಿಗಳನ್ನೆಲ್ಲ ಕರೆದುಬಿಡುತ್ತಿತ್ತು. ಎಂಜಿನ್ ಕೆಟ್ಟಾಗಲೆಲ್ಲ ಅದು ಬಾಯಿ ತೆರೆಯುವುದು, “ಮೊದ್ಲು ಅದರ ಬಾಯಿ ಮುಚ್ಚಿಸೇ” ಎಂದು ಅಪ್ಪ ರೇಗುವುದು, ಅವಳು ಹಸಿರು ಒತ್ತುವುದು. ಇದು ವರ್ಷಗಳಿಂದ ನಡೆದು ಬಂದಿತ್ತು. ಅಪ್ಪನಿಗೆ ಆ ಫೋನು ಕಂಡರೆ ಮೈಯೆಲ್ಲ ಉರಿ.

ಕಲ್ಲು ಕೈಗೆ ಸಿಕ್ಕಿದ ಮೇಲೆ ಅವಳಿಗೆ ಹೊಳೆದದ್ದು ಸರಿಯಾಗಿಯೇ ಇತ್ತು. ಮಂಜು ಬಿದ್ದ ದಿನ ಟ್ಯಾಂಕೂ ಕಾಣದು, ಹೊಗೆಗೊಳವೆಯೂ ಕಾಣದು. ಫೋನಿನಲ್ಲಿ ಗುರುತು ಮಾಡಿಟ್ಟರೆ ಕಣ್ಣು ಮುಚ್ಚಿಕೊಂಡು ಹೋಗಬಹುದು. ಆ ಕಡೆ ಹಾದು ಬರುವಾಗ ಎರಡು ಗೆರೆ ಕೂಡಿದ ಕಡೆ ಬೆರಳು ಒತ್ತಿದಳು. ‘ಇಲ್ಲಿ ಏನಿದೆ?’ ಎಂದು ಆ್ಯಪ್ ಕೇಳಿತು. ತೇಲುವ ಬಲೆ, ಮುಳುಗಿದ ದೋಣಿ, ಕಲ್ಲು. ಅವಳು ಹೆಮ್ಮೆಯಿಂದ ‘ಕಲ್ಲು’ ಒತ್ತಿದಳು.

ಮಾರನೆಯ ಬೆಳಿಗ್ಗೆ ಅಪ್ಪನನ್ನು ದೋಣಿಯ ಮೂತಿಯಲ್ಲಿ ಕೂರಿಸಿಕೊಂಡು, ಚುಕ್ಕಾಣಿ ತಾನೇ ಹಿಡಿದು, ಕಲ್ಲಿನ ಕಡೆ ಹೊರಟಳು. ದೂರದಿಂದಲೇ ನೀರಿನ ಮೇಲೆ ಏನೋ ಕಪ್ಪಗೆ ಕಂಡಿತು. ಹತ್ತಿರ ಹೋದರೆ ದೋಣಿಗಳ ಸಂತೆ. ಬಂದರು ಬಂದರೇ ಎದ್ದು ಬಂದಿತ್ತು. ಇದ್ದಬದ್ದವರೆಲ್ಲ ಗಾಳ ಬಿಟ್ಟುಕೊಂಡು ಒಬ್ಬರ ಮೈಮೇಲೆ ಒಬ್ಬರು ಬೀಳುತ್ತಿದ್ದರು.

“ಏ ಚಾರ್ಜರ್,” ಎಂದು ಒಬ್ಬ ಕೂಗಿದ, “ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಮ್ಮ. ರಾತ್ರಿ ಎಲ್ರ ಫೋನಿಗೂ ಬಂತು, ‘ಎಚ್ಚರಿಕೆ, ಇಲ್ಲಿ ಕಲ್ಲಿದೆ’ ಅಂತ. ಅದಕ್ಕೇ ನಾವೂ ಎಚ್ಚರಿಕೆಯಿಂದ ಬಂದ್ವಿ.”

ಸುತ್ತಲೂ ನಗು ಎದ್ದಿತು. ದೋಣಿಗೆ ಅಪಾಯವಿರುವ ಕಲ್ಲೆಂದು ತಿಳಿದು ಆ್ಯಪ್ ತನ್ನ ಕರ್ತವ್ಯ ಮಾಡಿತ್ತು. ಕಲ್ಲೆಂದರೆ ದೂರ ಹೋಗುವವರು ಹಡಗಿನವರು. ಮೀನಿನವರು ಓಡಿ ಬರುತ್ತಾರೆಂದು ಅದಕ್ಕೇನು ಗೊತ್ತು? ಅವಳಿಗಾದರೂ ಗೊತ್ತಿರಬೇಕಿತ್ತು. ಒತ್ತುವ ಮೊದಲು ಇದು ಯಾರ್‍ಯಾರಿಗೆ ಹೋಗುತ್ತದೆ ಎಂದು ನೋಡಿರಲಿಲ್ಲ.

ಅಪ್ಪ ಕಣ್ಣು ಕಾಣದಿದ್ದರೂ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದ.

“ಎಷ್ಟು ದೋಣಿ?”

“ತುಂಬಾ ಇವೆ ಅಪ್ಪ.”

“ಮನೆಗೆ ತಿರುಗಿಸು.”

ಅಷ್ಟೆ. ಬಾಯಿತುಂಬ ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ದಡ ಮುಟ್ಟಿದ ಮೇಲೆ ಭಾವನ ಹೆಗಲು ಹಿಡಿದು ಇಳಿದು, ಸೀದಾ ತನ್ನ ತಮ್ಮನ ಮನೆಯ ಕಡೆ ನಡೆದ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂದೇಬಿಟ್ಟಿತು: ಸೋಮವಾರದಿಂದ ಚುಕ್ಕಾಣಿಗೆ ಚಿಕ್ಕಪ್ಪ.

ಅವಳು ದೋಣಿಯಲ್ಲೇ ಕೂತು, ತೊಳೆದ ಹಲಗೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಭಾವ ಪಕ್ಕದಲ್ಲಿ ಬಂದು ಕುಕ್ಕರಿಸಿದ.

“ಅಳ್ತಿದೀಯಾ?”

“ಇಲ್ಲ.”

“ಅಳಬೇಡ. ಅದು ಆ ಕಲ್ಲೇ ಅಲ್ಲ.”

ಅವಳು ತಲೆಯೆತ್ತಿದಳು.

“ಕಲ್ಲು ಹೌದು. ಆದ್ರೆ ಮಾವನ ಕಲ್ಲಲ್ಲ. ಅಲ್ಲಿ ಇವತ್ತು ಯಾರಿಗೆ ಏನು ಸಿಕ್ತು? ಒಬ್ಬನಿಗೆ ಏಡಿ ಸಿಕ್ತಂತೆ, ಅದೂ ಅವನ ಬೆರಳನ್ನೇ ಕಚ್ತಂತೆ. ಇವರ ವಂಶದ ಪದ್ಧತಿ ಕಣೇ ಇದು. ಮೊದ್ಲು ಕೆಲಸಕ್ಕೆ ಬಾರದ ಒಂದು ಕಲ್ಲು ಕೊಟ್ಟು ನೋಡ್ತಾರೆ. ಅದು ಆಚೆ ಬರ್ಲಿಲ್ಲ ಅಂದ್ರೆ ಆಮೇಲೆ ನಿಜವಾದ್ದು. ನಂಗೂ ಮದುವೆಯಾದ ವರ್ಷ ಒಂದು ಕೊಟ್ಟಿದ್ರು. ಟೀ ಅಂಗಡೀಲಿ ಕೂತಿದ್ದೆ, ಯಾರೋ ಬನ್ನು ಕೊಡಿಸಿದ್ರು, ಹೇಳ್ಬಿಟ್ಟೆ. ನಂದು ಬಾಯಲ್ಲಿ ಹೋಯ್ತು, ನಿಂದು ಫೋನಲ್ಲಿ ಹೋಯ್ತು. ನಮ್ಮಿಬ್ರದ್ದೂ ಒಂದೇ ಹಣೆಬರಹ.”

“ನಂದೂ ನಿಮ್ದೂ ಒಂದಲ್ಲ ಭಾವ,” ಎಂದು ಅವಳು ಎದ್ದಳು. ಬೆಳಿಗ್ಗೆಯಿಂದ ಮೊದಲ ಬಾರಿ ಅವಳಿಗೆ ಕೋಪ ಬಂದಿತ್ತು. ಕೋಪ ಬಂದದ್ದು ಒಳ್ಳೆಯದೇ ಆಯಿತು, ನಾಚಿಕೆ ಅಲ್ಲಿಂದ ಕಾಲುಕಿತ್ತಿತು.

ಅಪ್ಪ ಹೊಸ್ತಿಲ ಮೇಲೆ ಕೂತು ಗಾಳದ ದಾರ ಸುತ್ತುತ್ತಿದ್ದ. ಅದಕ್ಕೆ ಕಣ್ಣು ಬೇಕಿರಲಿಲ್ಲ.

“ಅಪ್ಪ, ನಾನು ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ.”

“ಬಾಯಿ ಬಿಡ್ಲಿಲ್ಲ. ಜೇಬಲ್ಲಿ ಇನ್ನೊಂದು ಬಾಯಿ ಇಟ್ಕೊಂಡಿದೀಯಲ್ಲ, ಅದು ಬಿಡ್ತು.”

“ಅದಕ್ಕೆ ಬೀಗ ಹಾಕೋದು ಕಲೀತೀನಿ.”

“ಕಲಿ. ಬೇಡ ಅಂದೋರು ಯಾರು? ಸೋಮವಾರದಿಂದ ನಿಮ್ಮ ಚಿಕ್ಕಪ್ಪ ಬರ್ತಾನೆ,” ಎಂದು ಅಪ್ಪ ದಾರ ಸುತ್ತುವುದನ್ನು ಮುಂದುವರಿಸಿದ. ಆಮೇಲೆ ಮೆತ್ತಗೆ, “ನಂಗೂ ಹೊಟ್ಟೆ ಉರಿಯುತ್ತೆ ಕಣೇ. ಆದ್ರೆ ಆ ಕಲ್ಲು ನಂದೊಬ್ಬನದಲ್ಲ, ನಮ್ಮಪ್ಪ ಕೊಟ್ಟಿದ್ದು” ಎಂದ.

ಅವಳು ಅಲ್ಲಿಂದ ಹೊರಟಳು. ಐಸ್ ಫ್ಯಾಕ್ಟರಿಯ ಮೆಟ್ಟಿಲ ಮೇಲೆ ಹೋಗಿ ಕೂತಳು. ಕೂತು ಸುಮ್ಮನಿರುವ ಜಾಯಮಾನ ಅವಳದಲ್ಲ. ಫೋನು ತೆಗೆದು, ಬೀಗ ಎಲ್ಲಿದೆ ಎಂದು ಹುಡುಕತೊಡಗಿದಳು. ಯಾವುದು ಎಲ್ಲರಿಗೂ ಹೋಗುತ್ತದೆ, ಯಾವುದು ಸಂಘಕ್ಕೆ ಮಾತ್ರ, ಯಾವುದು ದೋಣಿಯವರಿಗೆ ಮಾತ್ರ, ಒಂದೊಂದನ್ನೇ ಒತ್ತಿ, ಓದಿ, ಮುಚ್ಚಬೇಕಾದದ್ದನ್ನು ಮುಚ್ಚಿದಳು. ಹಾಗೆ ಮುಚ್ಚುತ್ತ ಹೋದಂತೆ ಹಿಂದೆಂದೂ ತೆರೆಯದ ಒಂದು ಪುಟ ಸಿಕ್ಕಿತು. ‘ನಿಮ್ಮ ದೋಣಿ ನಡೆದ ದಾರಿ.’ ಕೆಳಗೆ ಸಣ್ಣಕ್ಷರದಲ್ಲಿ, ಇದು ನಿಮಗೆ ಮಾತ್ರ ಕಾಣುತ್ತದೆ. ನಂಬದೆ ಇನ್ನೊಮ್ಮೆ ಓದಿದಳು.

ತೆರೆದರೆ ವರ್ಷಗಳ ದಾರಿಯೆಲ್ಲ ಒಂದರ ಮೇಲೊಂದು ಬಿದ್ದು, ಪರದೆಯ ತುಂಬ ಸಿಕ್ಕುಸಿಕ್ಕು ದಾರ. ದೋಣಿ ಓಡಿದ ಕಡೆ ಗೆರೆ ತೆಳ್ಳಗೆ, ನಿಂತ ಕಡೆ ಗಂಟು. ಬಂದರಿನ ಬಾಯಲ್ಲಿ ದೊಡ್ಡ ಗಂಟು. ಬಲೆ ಬಿಡುವ ಬಯಲುಗಳಲ್ಲಿ ಹರಡಿಕೊಂಡ ಗಂಟುಗಳು, ಅವೆಲ್ಲ ಅವಳಿಗೆ ಗೊತ್ತಿದ್ದವೇ. ಇವೆಲ್ಲದರಿಂದ ಆಚೆ, ಯಾವ ಬಲೆಯನ್ನೂ ಎಂದೂ ಬಿಡದ ಕಡೆ, ಒಂದು ಗಂಟು ಪುಟ್ಟದಾಗಿ, ಬಿಗಿಯಾಗಿ ಕೂತಿತ್ತು. ಅದರ ಮೇಲೆಲ್ಲ ಹಸಿರು ಚುಕ್ಕೆ. ಸಹಾಯ ಬೇಡ, ಸಹಾಯ ಬೇಡ, ಸಹಾಯ ಬೇಡ. ಒತ್ತಿದವಳು ಅವಳೇ.

ಎಂಜಿನ್ ಕೆಟ್ಟ ಜಾಗ.

ಅವಳು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಎಂಜಿನ್ ಎಲ್ಲೆಂದರಲ್ಲಿ ಕೆಡಬೇಕಲ್ಲವೇ? ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ. ಇದು ಮಾತ್ರ ಮನೆ ನೆನಪಾದ ಹಸುವಿನ ಹಾಗೆ ಪ್ರತಿ ಸಲವೂ ಅಲ್ಲಿಗೇ ಹೋಗಿ ಕೆಟ್ಟಿತ್ತು. ಕೊನೆಯ ಹಸಿರು ಚುಕ್ಕೆಯ ಮೇಲೆ ಒತ್ತಿದಳು, ತಾರೀಖು ಬಂತು. ಅಪ್ಪನಿಗೆ ದೂರದ್ದು ಮಂಜಾಗತೊಡಗಿದ ದಿನಗಳು ಅವು. ಅಲ್ಲಿಂದೀಚೆಗೆ ಒಂದೂ ಇಲ್ಲ. “ಹೋದ ಸಲ ನಾನು ಹಾಕಿದ ಪ್ಲಗ್ಗಿಗೆ ಎಂಜಿನ್ ಒಂದು ದಿನಾನೂ ಕೆಟ್ಟಿಲ್ಲ” ಎಂದು ಭಾವ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದದ್ದು ನೆನಪಾಯಿತು. ಅಪ್ಪನ ಕಣ್ಣು ಕೆಟ್ಟ ದಿನದಿಂದ ಎಂಜಿನ್ ಸರಿಹೋಗಿತ್ತು.

ಆಮೇಲೆ ಪೈಪು ನೆನಪಾಯಿತು. ಓಡಿ ಹೋಗಿ ದೋಣಿಗೆ ಹಾರಿದಳು. ಚುಕ್ಕಾಣಿಯ ಪಕ್ಕ ಅಪ್ಪ ಕೂರುವ ಜಾಗದಲ್ಲಿ, ಅಪ್ಪ ಕೂರುವ ಹಾಗೆಯೇ ಕೂತು ಎಡಗಾಲು ಇಳಿಬಿಟ್ಟಳು. ಹಿಮ್ಮಡಿ ಹೋಗಿ ನಿಂತದ್ದು ಪೈಪು ಚಪ್ಪಟೆಯಾದ ಜಾಗದ ಮೇಲೆ. ಪೈಪು ತುಳಿದರೆ ಪೆಟ್ರೋಲಿಲ್ಲ, ಪೆಟ್ರೋಲಿಲ್ಲದಿದ್ದರೆ ಎಂಜಿನ್ನಿಲ್ಲ, ಕಾಲು ತೆಗೆದರೆ ಎಲ್ಲ ಮೊದಲಿನ ಹಾಗೆ. ಪಾಪ ಭಾವ, ನಡುವೆ ಏನೂ ಆಗದ ಪ್ಲಗ್ಗನ್ನು ವರ್ಷಗಟ್ಟಲೆ ತಿಕ್ಕಿದ್ದ.

ಅವಳಿಗೆ ನಗು ತಡೆಯಲಾಗಲಿಲ್ಲ. ಒಬ್ಬಳೇ ಕೂತು ನಗುವುದನ್ನು ಕಂಡು ಪಕ್ಕದ ದೋಣಿಯವ, “ಫೋನಲ್ಲಿ ಏನು ಬಂತು ಚಾರ್ಜರ್, ನಮ್ಗೂ ಕಳ್ಸು” ಎಂದ.

“ಇದು ಕಳ್ಸಕ್ಕೆ ಬರಲ್ಲ,” ಎಂದಳು.

ಸೋಮವಾರಕ್ಕೆ ಮುಂಚೆ ಕಡಲಿಗೆ ಹೋಗಲು ಉಳಿದದ್ದು ಒಂದೇ ದಿನ. ಚಿಕ್ಕಪ್ಪ ಬರುವ ತನಕ ಚುಕ್ಕಾಣಿಗೆ ಅವಳೇ ಗತಿಯಾದ್ದರಿಂದ ಯಾರೂ ಏನೂ ಅನ್ನಲಿಲ್ಲ. ಅಪ್ಪ ಮೂತಿಯಲ್ಲಿ ಮುದುರಿ ಕೂತ. ಭಾವ ಎಂಜಿನ್ನಿನ ಪಕ್ಕ ಕೂತು ಬ್ರೆಡ್ಡು ತಿನ್ನುತ್ತಿದ್ದ. ಬಲೆ ಬಿಟ್ಟರು, ಎಳೆದರು, ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ.

“ತಿರುಗಿಸೋಣ,” ಎಂದ ಅಪ್ಪ.

“ಸರಿ ಅಪ್ಪ,” ಎಂದು ಅವಳು ದೋಣಿಯನ್ನು ತಿರುಗಿಸಿದಳು. ಮನೆಯ ಕಡೆಗಲ್ಲ.

ಫೋನು ಅವಳ ಮಡಿಲಲ್ಲಿ ಪ್ಲಾಸ್ಟಿಕ್ ಚೀಲದೊಳಗಿತ್ತು. ಪರದೆಯ ಮೇಲೆ ದೋಣಿಯ ಚುಕ್ಕೆ ಆ ಗಂಟಿನ ಕಡೆ ತೆವಳುತ್ತಿತ್ತು. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾದೀತು. ತಪ್ಪಿದರೆ ಅಪ್ಪನ ಎದುರು ಮತ್ತೊಮ್ಮೆ ತಲೆ ತಗ್ಗಿಸಬೇಕು, ಸೋಮವಾರ ಬೆಳಿಗ್ಗೆ ಚಿಕ್ಕಪ್ಪನ ಕಾಲ ಬುಡದಲ್ಲಿ ನೀರು ಮೊಗೆಯಬೇಕು. ಆದರೂ ಲೆಕ್ಕ ಸರಿಯಿದೆ ಎಂದು ಅವಳ ಮನಸ್ಸು ಗಟ್ಟಿಯಾಗಿ ಹೇಳುತ್ತಿತ್ತು. ಚುಕ್ಕೆ ಗಂಟಿನೊಳಗೆ ಸೇರಿತು. ಅವಳು ಕಾಲು ಇಳಿಬಿಟ್ಟು ಪೈಪನ್ನು ತುಳಿದಳು.

ಎಂಜಿನ್ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ನಿಂತಿತು.

“ಅಯ್ಯೋ ದೇವರೇ,” ಎಂದು ಭಾವ ಬ್ರೆಡ್ಡು ಬಾಯಲ್ಲಿಟ್ಟುಕೊಂಡೇ ಸ್ಪ್ಯಾನರ್ ಎಳೆದುಕೊಂಡ. “ನನ್ನ ಪ್ಲಗ್ಗಿಗೆ ಯಾರದೋ ಕಣ್ಣು ಬಿತ್ತು.” ಮುಚ್ಚಳ ತೆರೆಯಿತು, ತಲೆ ಒಳಗೆ ಹೋಯಿತು.

ಅಪ್ಪ ಅಲುಗಲಿಲ್ಲ. ನೀರು ದೋಣಿಯ ಪಕ್ಕೆಗೆ ಬಡಿಯುವ ಸದ್ದನ್ನು ಸ್ವಲ್ಪ ಹೊತ್ತು ಕೇಳಿದ. ಮುಖವನ್ನು ಗಾಳಿಗೆ ಒಡ್ಡಿ ಹಿಡಿದ.

“ಎಂಜಿನ್ನಿಗೆ ಏನಾಯ್ತು?” ಎಂದು ಕೊನೆಗೆ ಕೇಳಿದ.

“ಅದೇ ಹಳೇ ಕಾಯಿಲೆ ಅಪ್ಪ,” ಎಂದಳು. “ಸುಮ್ನೆ ಕೂರೋ ಬದಲು ಒಂದು ಗಾಳ ಬಿಡೋಣ್ವಾ?”

ಅಪ್ಪ ಬುಟ್ಟಿಯತ್ತ ಕೈ ಚಾಚಿದ. ದಾರ ತೆಗೆದು ಸೀಸದ ಗುಂಡನ್ನು ನೀರಿಗೆ ಬಿಟ್ಟ. ದಾರ ಆತನ ಬೆರಳುಗಳ ನಡುವೆ ಸರಸರ ಇಳಿಯಿತು. ಸುತ್ತಲಿನ ಮರಳು ತಳ ಮುಟ್ಟಲು ಇನ್ನೂ ಬಹಳಷ್ಟು ದಾರ ಉಳಿದಿರುವಾಗಲೇ ಗುಂಡು ಟಕ್ಕೆಂದು ಕೂತಿತು. ಅಪ್ಪ ಮೆಲ್ಲಗೆ ಎತ್ತಿ ಇನ್ನೊಮ್ಮೆ ಬಿಟ್ಟ. ಕಲ್ಲು. ಬಹಳ ದಿನದ ಮೇಲೆ ಮನೆಗೆ ಬಂದವನ ಹಾಗೆ ಆತನ ಮುಖ ಸಡಿಲವಾಯಿತು, ಪೊರೆ ಬಂದ ಕಣ್ಣುಗಳಲ್ಲಿ ನೀರು ತುಂಬಿತು. ಅವಳೂ ಒಂದು ಗಾಳ ಬಿಟ್ಟಳು.

ಬಿಟ್ಟದ್ದೇ ತಡ, ಕಚ್ಚಿತು. ಅಪ್ಪನದಕ್ಕೂ ಕಚ್ಚಿತು. ಅವಳು ಎರಡು ಕೈಯಲ್ಲೂ ದಾರ ಎಳೆಯುತ್ತಿದ್ದಳು, ಕೆಳಗಿದ್ದದ್ದು ಅವಳನ್ನೇ ಎಳೆಯುತ್ತಿತ್ತು. ಅದೇ ಹೊತ್ತಿಗೆ ಫೋನು ಗುಂಯ್‌ಗುಟ್ಟಿ, ಮಡಿಲಿನಿಂದ ಜಾರಿ, ಹಲಗೆಯ ಮೇಲೆ ಕುಣಿಯುತ್ತ ಭಾವನ ಕಾಲ ಬಳಿ ಹೋಯಿತು.

ಭಾವ ತಲೆ ಹೊರತೆಗೆದ. ಇಷ್ಟು ವರ್ಷದಲ್ಲಿ ಎಂದೂ ತೆಗೆಯದವನು, ಅವತ್ತೇ ತೆಗೆಯಬೇಕೇ?

“ಏನೋ ಕೇಳ್ತಿದೆ ನೋಡು. ‘ಸಹಾಯ ಬೇಕೇ.’ ನಿನ್ನ ಕೈ ಖಾಲಿ ಇಲ್ಲ, ನಾನೇ ಒತ್ತಲಾ?”

“ಭಾವ, ಹಸಿರು. ಹಸಿರು ಒತ್ತಿ.”

ಭಾವ ಓದಿ ಹುಬ್ಬು ಗಂಟಿಕ್ಕಿದ. “ಹಸಿರು ಅಂದ್ರೆ ಬೇಡ ಅಂತ. ಎಂಜಿನ್ ಕೆಟ್ಟು ಕೂತಿದೆ, ಬೇಡ ಅಂತ ಹೆಂಗೆ ಹೇಳೋದು? ಸುಳ್ಳಾಗುತ್ತೆ. ಮೊನ್ನೆ ತಾನೇ ಈ ಫೋನಿಂದ ಒಂದು ಎಡವಟ್ಟಾಗಿದೆ, ಇವತ್ತಾದ್ರೂ ಇದ್ದಿದ್ದನ್ನ ಇದ್ದ ಹಾಗೆ ಹೇಳೋಣ. ಬರ್ಲಿ ನಾಲ್ಕು ಜನ, ಹಗ್ಗ ಹಾಕಿ ಎಳ್ಕೊಂಡು ಹೋಗ್ತಾರೆ.” ಎಣ್ಣೆ ಬಳಿದ ಹೆಬ್ಬೆರಳು ಕೆಂಪಿನ ಕಡೆ ಇಳಿಯಿತು.

“ಬೇಡ,” ಎಂದು ಅಪ್ಪನೂ ಮಗಳೂ ಒಟ್ಟಿಗೇ ಕೂಗಿದರು.

ಅಪ್ಪ ತನ್ನ ದಾರವನ್ನು, ಅದರ ತುದಿಯಲ್ಲಿದ್ದ ಮೀನನ್ನು, ಎಲ್ಲವನ್ನೂ ಕೈಬಿಟ್ಟ. ತಡವರಿಸುತ್ತ, ಬುಟ್ಟಿ ಎಡವುತ್ತ ಬಂದು ಅಳಿಯನ ಕೈಯಿಂದ ಫೋನನ್ನು ಕಿತ್ತುಕೊಂಡ. ಕಂಡರೆ ಉರಿದುಬೀಳುತ್ತಿದ್ದ ಆ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಎರಡು ಬಣ್ಣದ ಮಬ್ಬಿನಲ್ಲಿ ಹಸಿರನ್ನು ಹುಡುಕಿ, ಬೆರಳು ಮುರಿಯುವಷ್ಟು ಜೋರಾಗಿ ಒತ್ತಿದ. ಫೋನು ಸುಮ್ಮನಾಯಿತು.

“ಏನು ಮಾವ ನೀವು,” ಎಂದ ಭಾವ.

“ನಮ್ಮನೇಲಿ ಎಂಜಿನ್ನಿಗೆ ಇಂಥ ಅಳಿಯ ಇರುವಾಗ ಊರವರ ಸಹಾಯ ಯಾಕೆ ಬೇಕು? ಮರ್ಯಾದೆ ಪ್ರಶ್ನೆ,” ಎಂದ ಅಪ್ಪ ಏದುಸಿರು ಬಿಡುತ್ತ.

ಭಾವನ ಎದೆ ಉಬ್ಬಿತು. ತಲೆ ಮತ್ತೆ ಎಂಜಿನ್ನಿನೊಳಗೆ ಹೋಯಿತು. ಅಪ್ಪ ಫೋನನ್ನು ತನ್ನ ಅಂಗಿಯಲ್ಲಿ ಒರೆಸಿ, ತಾನೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅವಳ ಮಡಿಲಲ್ಲಿ ಇಟ್ಟ. ಅವಳು ಮೀನನ್ನು ಒಳಗೆಳೆದು ಹಾಕಿ ದಡದ ಕಡೆ ತಿರುಗಿ ನೋಡಿದಳು. ಶಾಲೆಯ ಗಡಿಯಾರದ ಗೋಪುರ ಐಸ್ ಫ್ಯಾಕ್ಟರಿಯ ಬಾಗಿಲಿಗೆ ನೇರ ಬಂದಿತ್ತು, ಆ ಕಡೆ ದೀಪಸ್ತಂಭ ಒಂಟಿ ಮರವನ್ನು ಮುಚ್ಚಿತ್ತು. ಎರಡು ಗೆರೆಯನ್ನೂ ಕಣ್ಣಿನಲ್ಲಿ ತುಂಬಿಕೊಂಡಳು. ಮಂಜಿನ ದಿನಕ್ಕೆ ಫೋನಾಯಿತು, ಬಿಸಿಲಿನ ದಿನಕ್ಕೆ ಇದಾಯಿತು. ಚುಕ್ಕಾಣಿ ಹಿಡಿಯುವವಳಿಗೆ ಎರಡೂ ಇರಲಿ ಎಂದುಕೊಂಡಳು.

ಭಾವ ಪ್ಲಗ್ ಸಿಕ್ಕಿಸಿ ಹಗ್ಗ ಎಳೆಯುವ ಹೊತ್ತಿಗೆ ಅವಳು ಕಾಲು ತೆಗೆದಿದ್ದಳು. ಎಂಜಿನ್ ಗುರ್ ಎಂದಿತು. “ನೋಡಿದ್ಯಾ? ಪ್ಲಗ್ಗೇ,” ಎಂದ.

“ನೀವಿಲ್ದಿದ್ರೆ ನಮ್ಮ ಗತಿ ಏನು ಭಾವ,” ಎಂದಳು ಅವಳು.

ಬಂದರು ಮುಟ್ಟಿದಾಗ ಕಟ್ಟೆಯ ಮೇಲೆ ಚಿಕ್ಕಪ್ಪ ಬಂದು ನಿಂತಿದ್ದ, ಸೋಮವಾರ ಎಷ್ಟು ಹೊತ್ತಿಗೆ ಹೊರಡುವುದೆಂದು ಕೇಳಿಕೊಂಡು ಹೋಗಲು. ಕಡಿಮೆ ಮಾತಿನ ಮನುಷ್ಯ. ತಾತ ತನ್ನ ಪಾಲಿಗೆ ಕೊಟ್ಟ ಬೇರೊಂದು ಕಲ್ಲನ್ನು ಇವತ್ತಿನವರೆಗೂ ಯಾರಿಗೂ ಬಿಟ್ಟುಕೊಟ್ಟವನಲ್ಲ. ಬುಟ್ಟಿಯ ತುಂಬ ಮಲಗಿದ್ದ ಕೆಂಪು ಮೀನುಗಳನ್ನು ನೋಡಿದ.

“ಸೋಮವಾರ ನೀನು ಬರೋದು ಬೇಡ ಕಣೋ,” ಎಂದ ಅಪ್ಪ.

“ಯಾಕಣ್ಣ?”

“ಇವತ್ತು ಎಂಜಿನ್ ಕೆಟ್ಟಿತ್ತು.”

ಚಿಕ್ಕಪ್ಪ ಇನ್ನೊಮ್ಮೆ ಮೀನು ನೋಡಿದ. ಅಣ್ಣನ ಕಣ್ಣು ನೋಡಿದ. ಆಮೇಲೆ ಹುಡುಗಿಯ ಕಡೆ ತಿರುಗಿದ. “ಚುಕ್ಕಾಣಿ ಯಾರ ಕೈಲಿತ್ತು?”

“ಇವಳ ಕೈಲಿ.”

“ಓಹೋ,” ಎಂದ ಚಿಕ್ಕಪ್ಪ. ಅವನ ಮೀಸೆಯಡಿ ನಗು ಹೊರಳಿತು. “ನಮ್ಮಪ್ಪಂಗೆ ಎಂಜಿನ್ ಇರ್ಲಿಲ್ಲ ಪಾಪ. ಅವರದು ಹುಟ್ಟು ಹಾಕೋ ದೋಣಿ, ಹುಟ್ಟಿನ ಹಗ್ಗ ಕಿತ್ತೋಗ್ತಿತ್ತು.” ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಬಂದ ದಾರಿಯಲ್ಲೇ ಹೊರಟುಹೋದ.

“ಹುಟ್ಟಿನ ಹಗ್ಗಕ್ಕೂ ಪ್ಲಗ್ಗಿಗೂ ಏನು ಸಂಬಂಧ?” ಎಂದು ಭಾವ ಬುಟ್ಟಿ ಹೊತ್ತುಕೊಂಡು ಕೇಳಿದ. ಯಾರೂ ಉತ್ತರ ಕೊಡದಿದ್ದುದರಿಂದ, ದಾರಿಯಲ್ಲಿ ಸಿಕ್ಕವರಿಗೆಲ್ಲ ಎಂಜಿನ್ ಸರಿಮಾಡಿದ ಕತೆ ಹೇಳುತ್ತ ಮುಂದೆ ನಡೆದ.

ಅಪ್ಪ ಅವಳ ಹೆಗಲ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಮೆಟ್ಟಿಲು ಹತ್ತಿದ. ಕೊನೆಯ ಮೆಟ್ಟಿಲಿನಲ್ಲಿ ನಿಂತು, ಸುತ್ತಮುತ್ತ ಯಾರೂ ಇಲ್ಲವೆಂದು ಕಿವಿಯಿಂದಲೇ ಖಾತ್ರಿ ಮಾಡಿಕೊಂಡು, ಅವಳ ಕಡೆ ಬಗ್ಗಿದ.

“ಇಡೀ ಪಾದ ಇಟ್ಟು ತುಳಿದೆ ಇವತ್ತು. ಎಂಜಿನ್ ಕೆಮ್ಮಿದ್ದು ಕೇಳಿದ್ರೇ ಗೊತ್ತಾಯ್ತು. ಹಾಗೆ ತುಳಿದ್ರೆ ಪೈಪು ಬೇಗ ಹರಿಯುತ್ತೆ. ಹಿಮ್ಮಡಿ ತುದೀಲಿ ಒತ್ತು, ಸಾಕು.”

“ಸರಿ ಅಪ್ಪ,” ಎಂದಳು.